ತಂಗಿಯ ಆರತಕ್ಷತೆ: ಎಲೆಯ ಲೆಕ್ಕ, ಕುರ್ಚಿಯ ಲೆಕ್ಕ

ಮುಂದಿನ ತಿಂಗಳು ಮೈಸೂರಿನಲ್ಲಿ ನಡೆಯಲಿರುವ ತಂಗಿಯ ಆರತಕ್ಷತೆಗೆ ಸುಮಾರು 600 ಮಂದಿ ಬರುವ ಅಂದಾಜಿದೆ. ನಾವು ಹಿಡಿದಿರುವ ಕಲ್ಯಾಣ ಮಂಟಪದ ಊಟದ ಮನೆಯಲ್ಲಿ ಒಮ್ಮೆಗೆ 150 ಎಲೆ ಹಾಕಬಹುದು. ಎಲೆ ಹಾಕಿ, ಬಡಿಸಿ, ಎಲ್ಲರೂ ಉಂಡೆದ್ದ ಮೇಲೆ ಮೇಜಿಗೆ ಹೊಸ ಕಾಗದ ಹಾಸುವವರೆಗೆ ಪಂಕ್ತಿಯೊಂದಕ್ಕೆ 40 ನಿಮಿಷ ಬೇಕೆಂದು ಅಡುಗೆಯವರು ಹೇಳಿದಾಗ, ಏಳೂವರೆಗೆ ಮೊದಲ ಪಂಕ್ತಿ ಕೂತರೂ ನಾಲ್ಕನೆಯದು ಏಳುವ ಹೊತ್ತಿಗೆ ಹತ್ತು ದಾಟುತ್ತದೆಂದು ಚಿಕ್ಕಪ್ಪ ಬಫೆಯ ಪರ ವಾದಿಸಿದರು. "ಬಂದವರಿಗೆ ತಟ್ಟೆ ಕೊಟ್ಟು ನಿಲ್ಲಿಸಿದರೆ ಊಟ ಹಾಕಿದ ಹಾಗಾಗುತ್ತದೆಯೇ?" ಎಂಬ ಅಮ್ಮನ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ, ಅವರ ಗಡಿಯಾರದ ಲೆಕ್ಕಕ್ಕೆ ಅಮ್ಮನಲ್ಲಿಯೂ ಇರಲಿಲ್ಲ.

ಇಬ್ಬರೂ ಗಮನಿಸದೆ ಬಿಟ್ಟದ್ದು ವೇದಿಕೆಯನ್ನು. ಆರುನೂರು ಮಂದಿಯೆಂದರೆ ಹೆಚ್ಚುಕಡಿಮೆ 200 ಕುಟುಂಬಗಳು. ಒಂದು ಕುಟುಂಬ ಮೆಟ್ಟಿಲು ಹತ್ತಿ, ಉಡುಗೊರೆ ಕೊಟ್ಟು, ಫೋಟೋ ತೆಗೆಸಿಕೊಂಡು ಇಳಿಯಲು ಒಂದೇ ನಿಮಿಷ ಸಾಕೆಂದು ಉದಾರವಾಗಿ ಹಿಡಿದರೂ 40 ನಿಮಿಷದಲ್ಲಿ ಇಳಿದುಬರುವವರು 120 ಜನ ಮಾತ್ರ. ಆದ್ದರಿಂದ ವಧೂವರರನ್ನು ಕಂಡೇ ಊಟಕ್ಕೆ ಹೋಗುವ ನಮ್ಮ ಜನರಿಗೆ 150 ಎಲೆಯ ಪಂಕ್ತಿ ಧಾರಾಳವಾಗಿ ಸಾಲುತ್ತದೆ. ಸಾಲದಿರುವುದು ವೇದಿಕೆಯ ಹೊತ್ತು, ಏಕೆಂದರೆ ಇದೇ ವೇಗದಲ್ಲಿ 200 ಕುಟುಂಬಗಳು ಹತ್ತಿ ಇಳಿಯಲು ಮೂರು ಗಂಟೆ ಇಪ್ಪತ್ತು ನಿಮಿಷ ಬೇಕು. ತಂಗಿಯ ಆಫೀಸಿನವರನ್ನು ಹತ್ತು ಹದಿನೈದು ಜನರ ಗುಂಪಾಗಿ ವೇದಿಕೆಗೆ ಕರೆಯುವುದೆಂದೂ, ಮಂಡಿನೋವಿನ ಹಿರಿಯರಿದ್ದಲ್ಲಿಗೆ ವಧೂವರರೇ ಆರಂಭದಲ್ಲಿ ಇಳಿದು ಹೋಗಿ ನಮಸ್ಕರಿಸುವುದೆಂದೂ, ಆ ಹಿರಿಯರು ಮೊದಲ ಪಂಕ್ತಿಗೇ ಕೂರುವುದೆಂದೂ ನಿಶ್ಚಯಿಸಿದೆವು.

ಕುರ್ಚಿಗಳ ಜೋಡಣೆಯೂ ಇದರಿಂದಲೇ ಬದಲಾಯಿತು. ಸಾಮಾನ್ಯವಾಗಿ ಸರದಿಯ ಸಾಲು ಸಭಾಂಗಣದ ನಡುವಿನ ದಾರಿಯಲ್ಲಿ ಬೆಳೆಯುವುದರಿಂದ, ಹಿಂದೆ ಕೂತವರಿಗೆ ವಧೂವರರ ಬದಲು ರೇಷ್ಮೆ ಸೀರೆಗಳ ಬೆನ್ನು ಮಾತ್ರ ಕಾಣುತ್ತದೆ. ನಾವು ಸಾಲನ್ನು ಎಡಗೋಡೆಯ ಪಕ್ಕಕ್ಕೆ ಸರಿಸಿ, ಅದರುದ್ದಕ್ಕೂ ಕುರ್ಚಿ ಹಾಕಿಸುತ್ತಿದ್ದೇವೆ. ಮುಂದಿನ ಎರಡು ಸಾಲು ಸೋಫಾಗಳು ವಯಸ್ಸಾದವರಿಗೆ. ಊಟದ ಮನೆ ನೆಲಮಾಳಿಗೆಯಲ್ಲಿದ್ದು ಲಿಫ್ಟ್ ಇಲ್ಲದ ಸಂಗತಿ ಮುಂಗಡ ಕೊಟ್ಟ ಮೇಲೆಯೇ ನಮ್ಮ ಕಣ್ಣಿಗೆ ಬಿತ್ತು. ಹಾಗಾಗಿ ಮೆಟ್ಟಿಲು ಇಳಿಯಲಾರದ ಹನ್ನೆರಡು ಮಂದಿಗೆ ಮೇಲೆಯೇ, ವಧುವಿನ ಕೋಣೆಯ ಪಕ್ಕದಲ್ಲಿ, ಮೇಜು ಹಾಕಿ ಎಲೆಯಲ್ಲೇ ಬಡಿಸಲು ಇಬ್ಬರನ್ನು ಕೇಳಿಕೊಂಡಿದ್ದೇವೆ.

ಬಫೆಯನ್ನು ಪೂರ್ತಿ ಕೈಬಿಟ್ಟಿಲ್ಲ. ಬೆಂಗಳೂರಿನ ರೈಲು ಹಿಡಿಯಬೇಕಾದವರಿಗಾಗಿ ಹಿತ್ತಲ ಅಂಗಳದಲ್ಲಿ 80 ತಟ್ಟೆಗಳ ಚಿಕ್ಕ ಏರ್ಪಾಡಿದೆ. ಅಲ್ಲಿ ಬಿಸಿಬೇಳೆಬಾತ್, ಮೊಸರನ್ನ, ಜಿಲೇಬಿಯಂತಹ ಚಮಚಕ್ಕೋ ಎರಡು ಬೆರಳಿಗೋ ಒಗ್ಗುವ ತಿನಿಸು ಮಾತ್ರ ಸಾಕೆಂದು ನಾನು ಹಟ ಹಿಡಿದೆ. ಒಂದು ಕೈಯಲ್ಲಿ ತಟ್ಟೆ, ಕಂಕುಳಲ್ಲಿ ಪರ್ಸು, ಮೇಲಿಂದ ಸಾರನ್ನ ಎಂಬ ಸರ್ಕಸ್ಸನ್ನು ನಾನೇ ಹಲವು ಸಲ ಮಾಡಿದ್ದೇನೆ. ಹಾಗೆಂದು ಪಂಕ್ತಿಯೂ ನಿರುಪದ್ರವಿಯಲ್ಲ: ನಾವಿನ್ನೂ ಪಾಯಸದಲ್ಲಿರುವಾಗಲೇ ಬೆನ್ನ ಹಿಂದೆ ನಿಂತು ಕುರ್ಚಿ ಹಿಡಿದುಕೊಳ್ಳುವವರ ಉಸಿರು ತಾಗಿದರೆ ಮಜ್ಜಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕಾಗಿ ಊಟದ ಮನೆಯ ಬಾಗಿಲಲ್ಲಿ ನಿಂತು, ಪಂಕ್ತಿ ಎದ್ದ ಮೇಲಷ್ಟೇ ಜನರನ್ನು ಒಳಗೆ ಬಿಡುವ ಕೆಲಸವನ್ನು ಚಿಕ್ಕಪ್ಪನವರಿಗೇ ಒಪ್ಪಿಸಲಾಗಿದೆ.