ಪೆಡಲ್ ಬಿಟ್ಟರೂ ಬಿಡದ ಚಕ್ರ

ನನ್ನ 1965ರ ಬೀಟಲ್ ಕಾರಿನ ಇಂಜಿನ್ ಮೊದಲ ಸಲ ಸ್ಟಾರ್ಟ್ ಆದ ದಿನಕ್ಕಿಂತ ಅದರ ಬ್ರೇಕು ಸರಿಹೋದ ದಿನವೇ ನನಗೆ ಜಾಸ್ತಿ ನೆನಪು.

ವರ್ಷಗಟ್ಟಲೆ ನಿಂತಿದ್ದ ಗಾಡಿ ಅದು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಶೂ ಒತ್ತಿ ನಿಲ್ಲಿಸುವಂಥದ್ದು. ಹೊಸ ಶೂ ಹಾಕಿ, ಬ್ರೇಕ್ ಆಯಿಲ್ ಒತ್ತಡದಿಂದ ಆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರುಗಳನ್ನೂ ಬದಲಿಸಿದ್ದೆ. ಖುಷಿಯಿಂದ ಒಂದು ಸುತ್ತು ಹೋದರೆ ಗಾಡಿ ಎಡಕ್ಕೇ ಎಳೆಯುತ್ತಿತ್ತು. ಇಳಿದು ನೋಡಿದೆ. ಮುಂದಿನ ಎಡ ಚಕ್ರದಿಂದ ಸುಟ್ಟ ವಾಸನೆ. ಡ್ರಮ್ಮಿನ ಹತ್ತಿರ ಕೈ ಒಯ್ಯಲಾಗದಷ್ಟು ಕಾವು.

ಮಾರನೇ ದಿನ ಗಾಡಿಯನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜಾಕ್ ನಂಬಿಕೊಂಡು ಗಾಡಿ ಕೆಳಗೆ ಯಾವತ್ತೂ ನುಗ್ಗಬೇಡಿ. ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಿತು. ಮಗಳನ್ನು ಕರೆದು ಪೆಡಲ್ ತುಳಿಸಿದೆ.

"ಬಿಟ್ಯಾ?"

"ಬಿಟ್ಟೆ ಅಪ್ಪಾ."

ಅವಳು ಬಿಟ್ಟಿದ್ದಳು, ಚಕ್ರ ಬಿಟ್ಟಿರಲಿಲ್ಲ.

ಡ್ರಮ್ ತೆಗೆದು ಶೂ ವಾಪಸ್ ಎಳೆಯುವ ಸ್ಪ್ರಿಂಗ್ ನೋಡಿದೆ. ಚೆನ್ನಾಗಿಯೇ ಇತ್ತು. ಪೆಡಲ್ ತುಳಿದಾಗ ನಾಲ್ಕೂ ಚಕ್ರಕ್ಕೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಇರಬಹುದಾ ಅಂದುಕೊಂಡೆ. ಅದರದೇ ತೊಂದರೆಯಾಗಿದ್ದರೆ ನಾಲ್ಕೂ ಚಕ್ರ ಹಿಡಿಯಬೇಕಿತ್ತು, ಒಂದೇ ಅಲ್ಲ. ಹೀಗೆ ಅರ್ಧ ದಿನ ಹೋಯಿತು. ಆಗ ಮಗಳು ಕೇಳಿದಳು: "ಆಯಿಲ್ ಹೋದ ದಾರಿಯಲ್ಲೇ ವಾಪಸ್ ಬರಬೇಕು ಅಲ್ವಾ?"

ಆ ದಾರಿಯಲ್ಲಿ ನಾನು ಮುಟ್ಟದೆ ಬಿಟ್ಟಿದ್ದು ಒಂದೇ, ರಬ್ಬರ್ ಹೋಸ್. ಹೊರಗೆ ಒಂದು ಬಿರುಕೂ ಇರಲಿಲ್ಲ, ಅದಕ್ಕೇ ಉಳಿಸಿಕೊಂಡಿದ್ದೆ.

ಮತ್ತೆ ಪೆಡಲ್ ತುಳಿಸಿ ಬಿಡಿಸಿದೆ. ಮೊದಲು ಕಬ್ಬಿಣದ ಪೈಪು ಹೋಸ್‌ಗೆ ಸೇರುವ ಕಡೆ ನಟ್ ಸಡಿಲ ಮಾಡಿದೆ. ಎರಡು ಹನಿ ಬಿತ್ತು, ಅಷ್ಟೇ. ಚಕ್ರ ಅಲುಗಲಿಲ್ಲ. ಅದನ್ನು ಬಿಗಿದು ಚಕ್ರದ ಕಡೆಯ ಬ್ಲೀಡಿಂಗ್ ನಿಪ್ಪಲ್, ಅಂದರೆ ಆಯಿಲ್ ಹೊರಗೆ ಬಿಡುವ ಪುಟ್ಟ ಸ್ಕ್ರೂ, ತಿರುಗಿಸಿದೆ. ಆಯಿಲ್ ಚಿರ್ರನೆ ಹಾರಿತು, ಚಕ್ರ ತಕ್ಷಣ ಬಿಟ್ಟುಕೊಂಡಿತು. ಒತ್ತಡವೆಲ್ಲ ಹೋಸ್‌ನ ಆಚೆಗೆ ಸಿಕ್ಕಿಕೊಂಡಿತ್ತು!

ಹೋಸ್ ಬಿಚ್ಚಿ ಉದ್ದಕ್ಕೆ ಸೀಳಿದೆ. ಒಳಗಿನ ರಬ್ಬರ್ ಊದಿ, ಮೆತ್ತಗಾಗಿ, ನಡುವೆ ಸೂಜಿ ತೂರುವಷ್ಟೇ ತೂತು ಉಳಿದಿತ್ತು. ಕಾಲಿನ ಬಲಕ್ಕೆ ಆಯಿಲ್ ಅದರಲ್ಲಿ ನುಗ್ಗಿ ಹೋಗುತ್ತದೆ. ವಾಪಸ್ ತಳ್ಳಲು ಇರುವುದು ಸ್ಪ್ರಿಂಗಿನ ಬಲ ಮಾತ್ರ, ಅದು ಸಾಲದು. ಆ ತುಂಡನ್ನು ಇವತ್ತಿಗೂ ಟೂಲ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ಹಳೇ ಗಾಡಿ ಕೈಗೆ ಬಂದರೆ ಹೋಸ್ ನೋಡೋಕೆ ಹೇಗಿದ್ದರೂ ಬದಲಿಸಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ನಾಲ್ಕೂ ಹೋಸ್ ಹೊಸದು ಬಂದವು. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ, ಆಮೇಲೆ ಬೇಗ ಕುದಿಯುತ್ತದೆ. ಹಾಗಾಗಿ ಹಳೆಯದನ್ನೆಲ್ಲ ಚೆಲ್ಲಿ, ಸೀಲ್ ಒಡೆಯದ ಡಬ್ಬಿಯಿಂದ ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ತುಂಬಿದೆ. ಆಮೇಲೆ ಪೈಪಿನೊಳಗೆ ಸೇರಿದ ಗಾಳಿ ತೆಗೆಯಲು, ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ ಶುರುಮಾಡಿ ಹತ್ತಿರದ್ದಕ್ಕೆ ಬಂದೆವು. "ಒತ್ತು... ಹಿಡ್ಕೋ... ಈಗ ಬಿಡು." ನಿಪ್ಪಲ್‌ಗೆ ಸಿಕ್ಕಿಸಿದ ಟ್ಯೂಬಿನಲ್ಲಿ ಗುಳ್ಳೆ ನಿಲ್ಲುವವರೆಗೂ ಇದೇ ಮಾತು. ಒಂದು ಹನಿ ಮಡ್‌ಗಾರ್ಡ್ ಮೇಲೆ ಬಿದ್ದಾಗ ಓಡಿಹೋಗಿ ನೀರು ಹಾಕಿ ತೊಳೆದೆ, ಬಿಟ್ಟರೆ ಪೇಂಟ್ ಎದ್ದುಬಿಡುತ್ತದೆ.

ಸಂಜೆ ಮತ್ತೊಂದು ಸುತ್ತು ಹೋಗಿ ಬಂದೆವು. ಗಾಡಿ ನೇರ ನಿಂತಿತು. ಇಳಿದವಳೇ ಮಗಳು ಒಂದೊಂದೇ ಚಕ್ರದ ಹತ್ತಿರ ಕೈ ಒಯ್ದು ನೋಡಿದಳು.

"ಅಪ್ಪಾ, ನಾಲ್ಕೂ ಒಂದೇ ಥರ ಬೆಚ್ಚಗಿದೆ."