ನಾಲ್ಕನೇ ಮಹಡಿಯ ಬಾಗಿಲು ಯಾಕೆ ಬಿಡಲಿಲ್ಲ

ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿರುವ ಒಂದು ಆಫೀಸ್ ಕಟ್ಟಡದಲ್ಲಿ ನನ್ನ ಕೆಲಸ. ಕಾರ್ಡ್ ರೀಡರ್, ಕರೆಂಟ್ ಇರುವವರೆಗೆ ಮಾತ್ರ ಬಾಗಿಲನ್ನು ಹಿಡಿದಿಡುವ ಮ್ಯಾಗ್ನೆಟಿಕ್ ಲಾಕ್, ಅವನ್ನು ಫೈರ್ ಪ್ಯಾನೆಲ್‌ಗೆ (ಬೆಂಕಿ ಅಲಾರಂ ನಡೆಸುವ ಪೆಟ್ಟಿಗೆಗೆ) ಜೋಡಿಸುವ ವೈರಿಂಗ್, ಇವೆಲ್ಲ ನನ್ನ ಜವಾಬ್ದಾರಿ.

ಅವತ್ತು ಫೈರ್ ಡ್ರಿಲ್. ಸೈರನ್ ಕೂಗಿದ ತಕ್ಷಣ ಕಂಟ್ರೋಲ್ ರೂಮಿನ ಪರದೆಯಲ್ಲಿ ಬಾಗಿಲುಗಳೆಲ್ಲ ಒಂದೊಂದಾಗಿ ಹಸಿರಾದವು, ಅಂದರೆ ಲಾಕ್ ಬಿಟ್ಟಿದೆ ಅಂತ. ಅಷ್ಟರಲ್ಲಿ ವಾಕಿಟಾಕಿಯಲ್ಲಿ ಗಾರ್ಡ್ ದನಿ: "ಸಾರ್, ಫೋರ್ತ್ ಫ್ಲೋರ್ ಸ್ಟೇರ್‌ಕೇಸ್ ಡೋರ್ ಬಿಡ್ತಿಲ್ಲ." ನನ್ನ ಕಣ್ಣೆದುರು ಅದೇ ಬಾಗಿಲು ಹಸಿರಾಗಿತ್ತು. ಮೇಲಕ್ಕೆ ಓಡಿದೆ. ಒಬ್ಬ ಹೆಣ್ಣುಮಗಳು ಎರಡೂ ಅಂಗೈ ಊರಿ ಬಾಗಿಲು ತಳ್ಳುತ್ತಿದ್ದರು, ಹಿಂದೆ ಮೂವತ್ತು ಜನ. ಸಾಮಾನ್ಯ ಮ್ಯಾಗ್ನೆಟಿಕ್ ಲಾಕ್‌ನ ಹಿಡಿತವೇ 270 ಕಿಲೋ ಹತ್ತಿರ. ಅದನ್ನು ಮೀರಿ ಯಾರು ತಳ್ಳಬಲ್ಲರು?

ತಲೆಯೆತ್ತಿ ನೋಡಿದರೆ ಚೌಕಟ್ಟಿನಲ್ಲಿ ಎರಡು ಲಾಕ್. ಒಂದು ನಮ್ಮದು, ಬಿಟ್ಟಿತ್ತು. ಇನ್ನೊಂದು ಆ ಮಹಡಿ ಬಾಡಿಗೆಗೆ ಹಿಡಿದಿದ್ದ ಕಂಪನಿಯವರು ಸೇರಿಸಿದ್ದು. ಅದರ ಪವರ್ ಸಪ್ಲೈ ಬೇರೆ, ನಮ್ಮ ಪರದೆಗೆ ಅದು ಕಾಣುವುದೇ ಇಲ್ಲ.

ಸೀಲಿಂಗ್ ಬಿಚ್ಚಿದಾಗ ಕಾರಣ ಸಿಕ್ಕಿತು. ಫೈರ್ ಪ್ಯಾನೆಲ್‌ನ ರಿಲೇಗೆ, ಅಂದರೆ ಅಲಾರಂ ಬಂದಾಗ ಕರೆಂಟ್ ಕಡಿಯುವ ಸ್ವಿಚ್ಚಿಗೆ, ವೈರ್ ಎಳೆದಿದ್ದರು ನಿಜ. ಆದರೆ ಆ ರಿಲೇ ಕಡಿಯುತ್ತಿದ್ದದ್ದು ಪವರ್ ಸಪ್ಲೈಗೆ ಬರುವ 230 ವೋಲ್ಟ್ ಅನ್ನು, ಲಾಕ್‌ಗೆ ಹೋಗುವ 12 ವೋಲ್ಟ್ ಅನ್ನಲ್ಲ. ಪವರ್ ಸಪ್ಲೈನ ಡಬ್ಬಿಯೊಳಗೆ 7 ಆಂಪಿಯರ್-ಅವರ್ ಬ್ಯಾಟರಿ. ಕರೆಂಟ್ ಹೋಯಿತೆಂದುಕೊಂಡು ಅದು ತನ್ನ ಕೆಲಸ ಶುರುಮಾಡಿತ್ತು. ಈ ಲಾಕ್ ಎಳೆಯುವುದು ಹೆಚ್ಚೆಂದರೆ ಅರ್ಧ ಆಂಪಿಯರ್. ಅಂದರೆ ಹತ್ತು ಗಂಟೆ ಬೇಕಾದರೂ ಆ ಬಾಗಿಲು ಜನರನ್ನು ಒಳಗೇ ಹಿಡಿದಿಟ್ಟಿರುತ್ತಿತ್ತು.

ಆ ಲಾಕ್‌ನ ಟೆಸ್ಟ್ ಶೀಟ್‌ಗೆ ಸಹಿ ಹಾಕಿದ್ದವನು ನಾನೇ. ಆ ದಿನ ಅದು ಸರಿಯಾಗಿಯೇ ಬಿಟ್ಟಿತ್ತು, ಯಾಕೆಂದರೆ ಬ್ಯಾಟರಿಯನ್ನು ಇನ್ನೂ ಜೋಡಿಸಿರಲಿಲ್ಲ. ಡಬ್ಬಿ ತೆಗೆದು ನೋಡಬೇಕೆಂದು ನನಗೆ ಹೊಳೆಯಲಿಲ್ಲ. ತುರ್ತಿನಲ್ಲಿ ಒತ್ತಿ ಲಾಕನ್ನು ಕೈಯಿಂದ ಬಿಡಿಸುವ ಹಸಿರು ಪೆಟ್ಟಿಗೆ, ಬ್ರೇಕ್ ಗ್ಲಾಸ್ ಕೂಡ ನಮ್ಮ ಲಾಕ್‌ಗಷ್ಟೇ ಇತ್ತು, ಹೊಸದಕ್ಕೆ ಇರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತದ್ದು ಈ ಊರಿನಲ್ಲಿ ಈ ಕೆಲಸ ಮಾಡುವವರು ಮರೆಯುವ ಸಂಗತಿಯಲ್ಲ. ಹೊಗೆ ತುಂಬಿ, ದಾರಿ ಕಾಣದೆ ಕಿಟಕಿಯಿಂದ ಹಾರಿದವರಿದ್ದರು. ಹೊಗೆಯಲ್ಲಿ ಒಂದು ಬಾಗಿಲ ಮುಂದೆ ಎರಡು ನಿಮಿಷ ನಿಲ್ಲುವುದೆಂದರೆ ಏನು ಅಂತ ಯೋಚಿಸುತ್ತಲೇ ಬೆಳಗಾಯಿತು. ಹೊರಹೋಗುವ ಬಾಗಿಲು ಒಳಗಿನಿಂದ ಕೀಲಿಯಿಲ್ಲದೆ ತೆರೆಯಬೇಕು ಅಂತ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯೇ ಹೇಳುತ್ತದೆ. ಬ್ಯಾಟರಿ ಬಲದಲ್ಲಿ ಹಿಡಿದು ನಿಂತ ಲಾಕ್ ಕೀಲಿ ಹಾಕಿದ ಬಾಗಿಲಿಗಿಂತ ಕೆಟ್ಟದ್ದು, ಅದಕ್ಕೆ ಕೀಲಿಯೂ ಇಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಗೊಂದಲವಾಗುವುದು ಇನ್ನೊಂದು ಕಡೆ. ಅಲಾರಂ ಬಂದರೆ ಲಾಕ್ ಬಿಡಬೇಕು, ಆದರೆ ಬೆಂಕಿ, ಹೊಗೆ ತಡೆಯುವ ಫೈರ್ ಡೋರ್ ಮುಚ್ಚಿಕೊಳ್ಳಬೇಕು. ಲಿಫ್ಟ್ ಲಾಬಿಯ ಫೈರ್ ಡೋರ್‌ಗಳನ್ನು ಹಗಲೆಲ್ಲ ತೆರೆದಿಡಲು ಗೋಡೆಯಲ್ಲಿ ಮ್ಯಾಗ್ನೆಟ್ ಇರುತ್ತದೆ. ಸಿಗ್ನಲ್ ಬಂದೊಡನೆ ಅದರ ಕರೆಂಟ್ ಹೋಗಿ, ಡೋರ್ ಕ್ಲೋಸರ್ ಬಾಗಿಲನ್ನು ಎಳೆದು 'ಟಕ್' ಅಂತ ಕೂರಿಸಬೇಕು. ಆ ಸದ್ದು ಬರದಿದ್ದರೆ ಲ್ಯಾಚ್ ಕೂತಿಲ್ಲ, ಹೊಗೆ ಮೆಟ್ಟಿಲಿಗೆ ನುಗ್ಗುತ್ತದೆ. ಪ್ಯಾಂಟ್ರಿ ಹುಡುಗರು ಟ್ರಾಲಿ ಸಾಗಿಸಲು ಮರದ ತುಂಡು ಇಟ್ಟಿದ್ದರೂ ಅಷ್ಟೇ. ಅವರನ್ನು ಬೈದು ಪ್ರಯೋಜನವಿಲ್ಲ, ಅಲ್ಲೊಂದು ಮ್ಯಾಗ್ನೆಟ್ ಹಾಕಿಸಿಕೊಡಿ.

ಈಗ ರಿಲೇ ಕೂರುವುದು ಬ್ಯಾಟರಿ ಆದಮೇಲೆ, ಲಾಕ್‌ಗೆ ಹೋಗುವ ವೈರಿನಲ್ಲೇ. ಪ್ರತಿ ಲಾಕ್‌ನ ಬ್ರೇಕ್ ಗ್ಲಾಸ್ ಕೂಡ ಅದೇ ವೈರನ್ನು ನೇರವಾಗಿ ಕಡಿಯುತ್ತದೆ, ಸಾಫ್ಟ್‌ವೇರ್ ನಡುವೆ ಬರುವುದಿಲ್ಲ. ಟೆಸ್ಟ್ ಮಾಡುವ ಮೊದಲು ಬ್ಯಾಟರಿಗೆ ಮೀಟರ್ ಹಿಡಿದು ಚಾರ್ಜ್ ಇದೆಯೇ ನೋಡುತ್ತೇವೆ. ಬಾಡಿಗೆದಾರರು ಯಾರೇ ಹೊಸ ಲಾಕ್ ಹಾಕಿದರೂ ಸೀಲಿಂಗ್ ಮುಚ್ಚುವ ಮುನ್ನ ನಮ್ಮನ್ನು ಕರೆಯಬೇಕು. ಶೀಟ್‌ನಲ್ಲಿ ಒಂದು ಕಾಲಂ ಹೆಚ್ಚಾಗಿದೆ: ಬಾಗಿಲನ್ನು ಕೈಯಿಂದ ತಳ್ಳಿ ನೋಡಿದವರ ಹೆಸರು.