ಚೆಂಡು ಬಿಟ್ಟು ಕಾಲು ನೋಡಿ

ಆ ಹುಡುಗ ಮೊದಲು ಸೈಕಲ್ ನೋಡಿದ. ಆಮೇಲೆ ನನ್ನ ಮಗಳ ಮುಖ ನೋಡಿದ. ಒಂಬತ್ತು ವರ್ಷದವಳ ನೇರಳೆ ಬಣ್ಣದ ಸೈಕಲ್. ಮುಂದೆ ಬುಟ್ಟಿ, ಹ್ಯಾಂಡಲ್ ಮೇಲೆ ಪುಟ್ಟ ಗಂಟೆ. ಅವನ ತೂಕ ಕಡಿಮೆ ಅಂದರೂ 140 ಕಿಲೋ ಇರಬೇಕು. "ಇಷ್ಟು ಚೆಂದದ ಸೈಕಲ್ ಮುರಿಯೋದು ಬೇಡ" ಎಂದು ತನ್ನ ಹೆಲ್ಮೆಟ್ಟನ್ನು ಅವಳ ಕೈಗೆ ಕೊಟ್ಟ. ಸೈಕಲ್ಲನ್ನು ಒಂದೇ ಕೈಯಲ್ಲಿ ತಳ್ಳಿಕೊಂಡು ಅವಳ ಪಕ್ಕ ನಡೆದ. ಅವಳು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ಅವನ ಒಂದು ಹೆಜ್ಜೆಗೆ ಮೂರು ಹೆಜ್ಜೆ ಹಾಕುತ್ತಾ ಹೋದಳು. ನಾನು ಹಿಂದೆ.

ಇದು ಗ್ರೀನ್ ಬೇ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಊರು. ನಾವಿರುವ ಮಿಲ್ವಾಕಿಯಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ. ಜನಸಂಖ್ಯೆ ಒಂದು ಲಕ್ಷ ಚಿಲ್ಲರೆ. ಆದರೆ ಇಲ್ಲಿನ ಲ್ಯಾಂಬೊ ಫೀಲ್ಡ್ ಕ್ರೀಡಾಂಗಣದಲ್ಲಿ 80 ಸಾವಿರಕ್ಕೂ ಜಾಸ್ತಿ ಜನ ಕೂರಬಹುದು. ಪ್ಯಾಕರ್ಸ್ ಎಂಬ ಫುಟ್‌ಬಾಲ್ ತಂಡ ಇಲ್ಲಿಯದು. 1919ರಲ್ಲಿ ಹುಟ್ಟಿದ್ದು. ಎನ್‌ಎಫ್‌ಎಲ್ ಅಂದರೆ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್. ಅದರ ಉಳಿದ ತಂಡಗಳಂತೆ ಇದಕ್ಕೆ ಶ್ರೀಮಂತ ಮಾಲೀಕರಿಲ್ಲ. ಐದು ಲಕ್ಷಕ್ಕೂ ಹೆಚ್ಚು ಸಾಮಾನ್ಯ ಷೇರುದಾರರೇ ಮಾಲೀಕರು. ನಾನು ಹೇಳುತ್ತಿರುವುದು ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ, ಮೊಟ್ಟೆ ಆಕಾರದ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್.

ಪ್ರತಿ ವರ್ಷ ಜುಲೈ ಕೊನೆಗೆ ಇವರ ಟ್ರೇನಿಂಗ್ ಕ್ಯಾಂಪ್ ಶುರುವಾಗುತ್ತದೆ. ಲ್ಯಾಂಬೊ ಫೀಲ್ಡ್‌ನಿಂದ ಆಟಗಾರರು ಅಭ್ಯಾಸದ ಮೈದಾನಕ್ಕೆ ಮಕ್ಕಳ ಸೈಕಲ್ ಮೇಲೆ ಹೋಗುತ್ತಾರೆ. ವಿನ್ಸ್ ಲೊಂಬಾರ್ಡಿ ಕೋಚ್ ಆಗಿದ್ದ ಕಾಲದಿಂದ, ಅಂದರೆ 60 ವರ್ಷಕ್ಕೂ ಹಿಂದಿನಿಂದ, ಇದು ನಡೆದು ಬಂದಿದೆ. ಮಕ್ಕಳು ಬೆಳಗ್ಗೆಯೇ ಬಂದು ಸಾಲಾಗಿ ಸೈಕಲ್ ಹಿಡಿದು ನಿಲ್ಲುತ್ತಾರೆ. ದೊಡ್ಡ ಹೆಸರಿನ ಆಟಗಾರ ಯಾರ ಸೈಕಲ್ ಹತ್ತುತ್ತಾನೋ ಆ ಮಗುವಿನ ಸುತ್ತ ಕ್ಯಾಮೆರಾಗಳು ಸೇರುತ್ತವೆ. ನಮ್ಮ ಪಾಲಿಗೆ ಬಂದವನನ್ನು ಯಾರೂ ಗುರುತಿಸಲಿಲ್ಲ. ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ, ಕಾಲೇಜು ಮುಗಿಸಿ ಸೀದಾ ಬಂದ ಹುಡುಗ. ಅವನ ಹೆಸರು, ನಂಬರ್ ಇಲ್ಲಿ ಬರೆಯುವುದಿಲ್ಲ. ಅವನಿನ್ನೂ ಕೆಲಸ ಗಟ್ಟಿ ಮಾಡಿಕೊಳ್ಳುತ್ತಿರುವವನು.

ಅಭ್ಯಾಸ ನಡೆಯುವುದು ರೇ ನಿಚ್ಕಿ ಫೀಲ್ಡ್‌ನಲ್ಲಿ. 1958ರಿಂದ 1972ರವರೆಗೆ ಇದೇ ತಂಡಕ್ಕೆ ಲೈನ್‌ಬ್ಯಾಕರ್ ಆಗಿ, ಅಂದರೆ ರಕ್ಷಣೆಯ ಎರಡನೇ ಸಾಲಿನಲ್ಲಿ ಆಡಿದವನ ಹೆಸರು ಅದಕ್ಕಿದೆ. ಒಂದು ಬದಿಗೆ ಮೆಟ್ಟಿಲಿನಂಥ ಬೆಂಚುಗಳು. ಜನರಿಗೆ ಬಿಟ್ಟಿರುವ ದಿನ ಟಿಕೆಟ್ ಇಲ್ಲ, ಸುಮ್ನೆ ಹೋಗಿ ಕೂರಬಹುದು. ಪಂದ್ಯದ ದಿನ ಈ ಆಟಗಾರರು ದೂರದಲ್ಲಿ ಬೆರಳುದ್ದ ಕಾಣುತ್ತಾರೆ. ಇಲ್ಲಿ ಅವರ ಉಸಿರು ಕೇಳಿಸುತ್ತದೆ.

ಮೊದಲ ಸಲ ಹೋಗುವವರಿಗೆ ಏನು ನೋಡಬೇಕು ಅಂತಲೇ ಗೊತ್ತಾಗುವುದಿಲ್ಲ. ಒಂದೇ ಮೈದಾನದಲ್ಲಿ ಆರೇಳು ಕಡೆ ಆರೇಳು ಕೆಲಸ. ಒಂದು ಮೂಲೆಯಲ್ಲಿ ಚೆಂಡು ಒದೆಯುವ ಕಿಕ್ಕರ್ ಒಬ್ಬನೇ. ಇನ್ನೊಂದು ಕಡೆ ಎದುರಾಳಿಯ ಪಾಸ್ ತಡೆಯುವ ಡಿಫೆನ್ಸಿವ್ ಬ್ಯಾಕ್‌ಗಳು ಹಿಂದಕ್ಕೆ ಹಿಂದಕ್ಕೆ ಓಡಿ, ಕೋಚ್ ಕೈ ತೋರಿಸಿದ ಕಡೆಗೆ ಸರಕ್ಕನೆ ತಿರುಗುತ್ತಾರೆ. ಎರಡು ಚಕ್ರ ಗಿರಗಿರ ತಿರುಗಿ ಚೆಂಡು ಉಗುಳುವ ಯಂತ್ರದ ಮುಂದೆ ಪಾಸ್ ಹಿಡಿಯುವ ರಿಸೀವರ್‌ಗಳ ಸಾಲು. ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳಿಗೆ ಕೆಂಪು ಜರ್ಸಿ. ಅವರನ್ನು ಯಾರೂ ಮುಟ್ಟಬಾರದು ಅನ್ನುವುದಕ್ಕೆ ಗುರುತು ಅದು. ಆಗಾಗ ಲಾರಿಯಂಥ ಹಾರ್ನ್ ಕೂಗುತ್ತದೆ. ಕೂಗಿದ ತಕ್ಷಣ ಎಲ್ಲರೂ ಓಡಿ ಇನ್ನೊಂದು ಕಡೆ ಸೇರುತ್ತಾರೆ. ನಡೆಯುವವರು ಯಾರೂ ಇಲ್ಲ.

ಬಹಳ ಜನ ಚೆಂಡಿನ ಹಿಂದೆ ಕಣ್ಣು ಓಡಿಸುತ್ತಾರೆ. ಉದ್ದದ ಪಾಸ್ ಬಿದ್ದಾಗ ಚಪ್ಪಾಳೆ. ನಾನು ಕಾಲು ನೋಡುತ್ತೇನೆ. ನಾನು ಫಿಸಿಯೋಥೆರಪಿಸ್ಟ್. ಹತ್ತು ವರ್ಷದಿಂದ ಮಂಡಿ, ಸೊಂಟ, ಹಿಮ್ಮಡಿ ಇವುಗಳ ಜೊತೆಯೇ ನನ್ನ ದಿನ ಕಳೆಯುತ್ತದೆ. ಅದಕ್ಕೇ ಸೈಕಲ್ ತಳ್ಳಿದ ಆ ಹುಡುಗನ ಕಾಲಿನ ಮೇಲೆ ನನ್ನ ಕಣ್ಣು ನಿಂತಿತು.

ಅವನ ಜಾಗ ರೈಟ್ ಟ್ಯಾಕಲ್. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವವರೆಗೆ ಎರಡೂವರೆ, ಮೂರು ಸೆಕೆಂಡು ಬೇಕು. ಅಷ್ಟು ಹೊತ್ತು ಎದುರಿನಿಂದ ನುಗ್ಗುವವನನ್ನು ತಡೆದು ನಿಲ್ಲಿಸುವುದು ಅವನ ಕೆಲಸ. ಎದುರಿನವನು ಮುಂದಕ್ಕೆ ಓಡುತ್ತಾನೆ, ಇವನು ಹಿಂದಕ್ಕೆ ಸರಿಯಬೇಕು. ಹಿಂದಕ್ಕೆ ಸರಿಯುತ್ತಲೇ ಗೋಡೆಯಾಗಬೇಕು. ಅದಕ್ಕೆ ಕಿಕ್ ಸ್ಲೈಡ್ ಎಂಬ ಹೆಜ್ಜೆ ಇದೆ. ಬಲಗಾಲು ಹಿಂದಕ್ಕೆ ಹೋಗಬೇಕು. ಎಡಗಾಲು ಹುಲ್ಲು ಸವರಿಕೊಂಡು ಅದರ ಹಿಂದೆ ಬರಬೇಕು. ಎರಡೂ ಪಾದ ಒಂದಕ್ಕೊಂದು ತಾಗಬಾರದು, ದಾಟಲೇಬಾರದು. ಸೊಂಟ ಕೆಳಗೆ, ಬೆನ್ನು ನೇರ, ಭುಜ ಎರಡೂ ಎದುರಿಗೆ.

ಮೊದಲ ಬೆಳಗ್ಗೆ ಯಾರೂ ಭುಜ, ಎದೆ ಕಾಯುವ ಪ್ಯಾಡ್ ಹಾಕಿರಲಿಲ್ಲ. ಹೆಲ್ಮೆಟ್ಟು, ಚಡ್ಡಿ ಅಷ್ಟೇ. ಕ್ಯಾಂಪಿನ ಮೊದಲ ದಿನಗಳಲ್ಲಿ ಪ್ಯಾಡ್ ಹಾಕಿ ಗುದ್ದಾಡುವಂತಿಲ್ಲ. ದೇಹ ಬಿಸಿಲಿಗೆ, ಓಟಕ್ಕೆ ಹೊಂದಿಕೊಳ್ಳಲಿ ಅಂತ. ಹಾಗಾಗಿ ಆ ದಿನ ಲೈನ್‌ಮನ್‌ಗಳು, ಅಂದರೆ ಟ್ಯಾಕಲ್‌ನಂತೆ ಮುಂದಿನ ಸಾಲಿನಲ್ಲಿ ನಿಲ್ಲುವವರು, ಎದುರಾಳಿ ಇಲ್ಲದೆ ಬರೀ ಹೆಜ್ಜೆ ಹಾಕಿದರು. ಮೂರು ಹೆಜ್ಜೆ, ನಿಲ್ಲು. ಮತ್ತೆ ಮೂರು ಹೆಜ್ಜೆ, ನಿಲ್ಲು. ಪಕ್ಕದವರು ಬೇಜಾರಾಗಿ ಫೋನ್ ತೆಗೆದರು. ನನಗೆ ಅದೇ ಆ ದಿನದ ಚೆಂದದ ಭಾಗ. ಮಂಡಿ ಆಪರೇಷನ್ ಆದವರು ನನ್ನ ಹತ್ತಿರ ಒಂದೇ ಮೆಟ್ಟಿಲನ್ನು 30 ಸಲ ಹತ್ತಿ ಇಳಿಯುತ್ತಾರೆ. 20 ದಾಟಿದ ಮೇಲೆ ಮಂಡಿ ಒಳಕ್ಕೆ ವಾಲುತ್ತದಾ ಇಲ್ಲವಾ, ನಾನು ನೋಡುವುದು ಅದನ್ನೇ. ಇಲ್ಲಿ ಕೋಚ್ ಕೂಡ ಅದನ್ನೇ ನೋಡುತ್ತಿದ್ದರು. ಮಂಡಿ ಮೇಲೆ ಕೈಯೂರಿ, ಬಗ್ಗಿ, ಪಾದಗಳ ಮಟ್ಟಕ್ಕೆ ಕಣ್ಣು ತಂದು.

ನಮ್ಮ ಹುಡುಗನ ಮೊದಲ ಎರಡು ಹೆಜ್ಜೆ ಎಣ್ಣೆ ಹಾಕಿದಂತೆ. ಮೂರನೇ ಹೆಜ್ಜೆಯಲ್ಲಿ ಬಲಸೊಂಟ ಹೊರಕ್ಕೆ ತಿರುಗಿಬಿಡುತ್ತಿತ್ತು. ಬಾಗಿಲು ತೆರೆದು "ಬಾ ಒಳಗೆ" ಅಂದ ಹಾಗೆ. ಎದುರಿಗೆ ಯಾರೂ ಇಲ್ಲದಿದ್ದಾಗ ಅದು ದೊಡ್ಡ ತಪ್ಪಲ್ಲ. ಪ್ಯಾಡ್ ಹಾಕಿದ ಮೇಲೆ ಇದೇ ಕಾಡುತ್ತೆ ಅಂತ ನನಗೆ ಆಗಲೇ ಅನಿಸಿತ್ತು.

ಒಂದು ವಾರ ಬಿಟ್ಟು ಮತ್ತೆ ಹೋದೆವು. ಆ ದಿನ ಸದ್ದೇ ಬೇರೆ. ಪ್ಯಾಡಿಗೆ ಪ್ಯಾಡ್ ಬಡಿದಾಗ ಮರದ ಹಲಗೆ ನೆಲಕ್ಕೆ ಬಿದ್ದಂಥ ಸದ್ದು. ಮಗಳು ಮೊದಲ ಸಲ ಬೆಚ್ಚಿ ನನ್ನ ತೋಳು ಹಿಡಿದಳು. ಕೆಲವರ ಹೆಲ್ಮೆಟ್ ಮೇಲೆ ಮೆತ್ತನೆಯ ಉಬ್ಬುಬ್ಬಾದ ಹೊದಿಕೆ. ಅದು ಗಾರ್ಡಿಯನ್ ಕ್ಯಾಪ್. ತಲೆಗೆ ಬೀಳುವ ಪೆಟ್ಟಿನ ಜೋರು ಕಡಿಮೆ ಮಾಡಲು 2022ರಲ್ಲಿ ಲೀಗ್ ಇದನ್ನು ಕ್ಯಾಂಪಿನಲ್ಲಿ ಲೈನ್‌ಮನ್, ಲೈನ್‌ಬ್ಯಾಕರ್, ಲೈನ್‌ಮನ್ ಪಕ್ಕ ನಿಲ್ಲುವ ಟೈಟ್ ಎಂಡ್‌ಗಳಿಗೆ ಕಡ್ಡಾಯ ಮಾಡಿತು. ನೋಡಲು ಚೆಂದ ಇಲ್ಲ ಅಂತ ಕೆಲವರು ಅಂದರು. ಚೆಂದ ಯಾರಿಗೆ ಬೇಕು? ಆ ತಲೆಗಳು ಇನ್ನೂ 50 ವರ್ಷ ಬಾಳಬೇಕಲ್ವಾ.

ಹಳೆಯ ಕಾಲದ ಡ್ರಿಲ್‌ಗಳು ಎಷ್ಟೋ ಈಗ ಇಲ್ಲ. ಇಬ್ಬರನ್ನು ಇಕ್ಕಟ್ಟಾದ ಓಣಿಯಂಥ ಜಾಗದಲ್ಲಿ ಎದುರುಬದುರು ನಿಲ್ಲಿಸಿ ಗುದ್ದಿಸುವ ಓಕ್ಲಹೋಮ ಡ್ರಿಲ್ಲನ್ನು 2019ರಲ್ಲಿ ನಿಲ್ಲಿಸಿದರು. ಪ್ಯಾಡ್ ಹಾಕಿಕೊಂಡು ದಿನಕ್ಕೆ ಎರಡು ಅಭ್ಯಾಸ ಮಾಡಿಸುವುದು ಲೀಗ್ ಮತ್ತು ಆಟಗಾರರ ನಡುವಿನ 2011ರ ಒಪ್ಪಂದದಲ್ಲೇ ಹೋಯಿತು. ಈಗ ಇಡೀ ಕ್ಯಾಂಪಿಗೆ ಪ್ಯಾಡ್ ಹಾಕಿದ ಅಭ್ಯಾಸ ಹೆಚ್ಚೆಂದರೆ 16. "ಈಗಿನವರು ಮೆತ್ತಗಾಗಿದ್ದಾರೆ" ಅನ್ನುವವರು ಬೆಂಚಿನ ಮೇಲೆ ಯಾವಾಗಲೂ ಒಬ್ಬರು ಸಿಗುತ್ತಾರೆ. ಅವರ ಮಾತು ನಾನು ಒಪ್ಪುವುದಿಲ್ಲ. 2001ರ ಆಗಸ್ಟ್ 1ರಂದು ಮಿನೆಸೋಟ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಗರ್ ತೀರಿಕೊಂಡ. ಕ್ಯಾಂಪಿನ ಅಭ್ಯಾಸದಲ್ಲಿ ಬಿಸಿಲಿನ ಹೊಡೆತಕ್ಕೆ ಕುಸಿದುಬಿದ್ದಿದ್ದ. ವಯಸ್ಸು 27. ಅವನೂ ಟ್ಯಾಕಲ್ಲೇ. ಅವನ ಹೆಸರಿನ ಸಂಸ್ಥೆ ಈಗ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿದೆ. ಬಿಸಿಲಿಗೆ ಬಿದ್ದವರನ್ನು ಮೊದಲು ತಣ್ಣೀರಿನ ತೊಟ್ಟಿಯಲ್ಲಿ ತಣಿಸಿ, ಆಮೇಲೆ ಆಸ್ಪತ್ರೆಗೆ ಸಾಗಿಸಿ ಅಂತ ಅವರು ಹೇಳಿಕೊಡುತ್ತಾರೆ. ನಾನು ಯಾವ ಮೈದಾನಕ್ಕೆ ಹೋದರೂ ಮೊದಲು ಆ ತೊಟ್ಟಿ ಎಲ್ಲಿದೆ ಅಂತ ಹುಡುಕುತ್ತೇನೆ. ದೇಹ ಬಿಸಿಲಿಗೆ ಪೂರ್ತಿ ಹೊಂದಲು ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಬರತೊಡಗುತ್ತದೆ. ಆ ಮೊದಲ ದಿನಗಳ ಬರೀ ಹೆಜ್ಜೆಗಳನ್ನು ನಾನು ಅಷ್ಟು ಮೆಚ್ಚುವುದಕ್ಕೆ ಇದೂ ಒಂದು ಕಾರಣ.

ಹಾರ್ನ್ ಕೂಗಿತು. ಒಬ್ಬರಿಗೊಬ್ಬರು ಎದುರಾಗುವ ಸರದಿ. ಕ್ರಿಕೆಟ್ ನೆಟ್ಸ್ ಹಾಗೆ ಅಂದುಕೊಳ್ಳಿ, ಆದರೆ ಬಲೆ ಇಲ್ಲ, ಇಡೀ ತಂಡ ಸುತ್ತ ನಿಂತು ನೋಡುತ್ತದೆ. ಮಧ್ಯದಲ್ಲಿ ಒಬ್ಬ ಟ್ಯಾಕಲ್, ಎದುರಿಗೆ ಒಬ್ಬ ನುಗ್ಗುವವನು. ಹಿಂದೆ ಕ್ವಾರ್ಟರ್‌ಬ್ಯಾಕ್ ನಿಲ್ಲುವ ಜಾಗದಲ್ಲಿ ಒಂದು ಗುರುತು. ಈ ಡ್ರಿಲ್ ಟ್ಯಾಕಲ್‌ಗೆ ಕಷ್ಟದ್ದು. ಪಂದ್ಯದಲ್ಲಾದರೆ ಪಕ್ಕದಲ್ಲಿ ಗಾರ್ಡ್ ಎಂಬ ಜೊತೆಗಾರ ಲೈನ್‌ಮನ್ ಇರುತ್ತಾನೆ, ಒಳಗಿನ ದಾರಿ ಅರ್ಧ ಮುಚ್ಚಿರುತ್ತದೆ. ಇಲ್ಲಿ ಎಡವೂ ಬಯಲು, ಬಲವೂ ಬಯಲು.

ನಮ್ಮ ಹುಡುಗ ಮೂರು ಸಲ ನಿಂತ. ಮೂರು ಸಲವೂ ಸೋತ. ಮೊದಲನೆಯವನು ಹೊರಗಿನಿಂದ ವೇಗವಾಗಿ ಬಂದ. ಅದನ್ನು ತಡೆಯುವ ಅವಸರದಲ್ಲಿ ಇವನ ಸೊಂಟ ತಿರುಗಿತು, ಬಾಗಿಲು ತೆರೆಯಿತು, ಅವನು ಒಳಗಿನಿಂದ ನುಸುಳಿ ಹೋದ. ಎರಡನೇ ಸಲವೂ ಅದೇ. ಮೂರನೇ ಸಲ ಇವನು ಒಳಗನ್ನು ಕಾಯಲು ಹೋದ, ಅವನು ಹೊರಗಿನಿಂದಲೇ ದಾಟಿದ. ಸುತ್ತ ನಿಂತ ಡಿಫೆನ್ಸ್‌ನವರು ಕೂಗಿ ಕುಣಿದರು. ಮಗಳು ಏನೂ ಮಾತಾಡಲಿಲ್ಲ. ಅವನ ಹೆಲ್ಮೆಟ್ ಹೊತ್ತವಳು ಅವಳು.

ಅಭ್ಯಾಸ ಮುಗಿದು ಹೆಸರುವಾಸಿಗಳು ಬೇಲಿಯ ಹತ್ತಿರ ಸಹಿ ಹಾಕುತ್ತಿದ್ದರು. ಜನ ಅಲ್ಲಿ ನೂಕಾಡುತ್ತಿದ್ದರು. ನಾವು ಬೆಂಚಿನ ಮೇಲೇ ಕೂತೆವು. ದೂರದ ಮೂಲೆಯಲ್ಲಿ ಆ ಹುಡುಗ, ಒಬ್ಬ ಸಹಾಯಕ ಕೋಚ್. ಕೋಚ್ ಅವನ ಜರ್ಸಿಯನ್ನು ಬಲಸೊಂಟದ ಹತ್ತಿರ ಹಿಡಿದಿದ್ದರು. ಮೂರು ಹೆಜ್ಜೆ, ನಿಲ್ಲು. ಸೊಂಟ ತಿರುಗಲು ಹೋದರೆ ಬಟ್ಟೆ ಎಳೆಯುತ್ತದೆ. ಮತ್ತೆ ಮೂರು ಹೆಜ್ಜೆ. ಮಗಳು ಎಣಿಸಿದಳು. 40 ಆದಮೇಲೆ ಅವಳಿಗೆ ಲೆಕ್ಕ ತಪ್ಪಿತು. ಕೊನೆಕೊನೆಗೆ ಕೋಚ್ ಕೈಬಿಟ್ಟಿದ್ದರು. ಸೊಂಟ ತಿರುಗುತ್ತಿರಲಿಲ್ಲ.

ಮೂರನೇ ಸಲ ಹೋಗಿದ್ದು ಆಗಸ್ಟ್ ಮಧ್ಯದಲ್ಲಿ. ಅಷ್ಟರಲ್ಲಿ ಎಲ್ಲರ ಕೈ ಮೇಲೂ ಪಟ್ಟಿ, ಮೊಣಕೈಯಲ್ಲಿ ತರಚು. ನಮ್ಮ ಹುಡುಗನ ನಡಿಗೆಯಲ್ಲಿ ಎಡ ಹಿಮ್ಮಡಿ ಸ್ವಲ್ಪ ಬಿಗಿ ಅನಿಸಿತು. ಆದರೂ ಸಾಲಿನಲ್ಲಿ ನಿಂತ. ಎದುರಿಗೆ ಕಳೆದ ಸಲ ಅವನನ್ನು ಮೊದಲು ಸೋಲಿಸಿದವನೇ. ಅವನು ಹೊರಗೆ ಎರಡು ಹೆಜ್ಜೆ ಓಡಿದ, ಕಾಲೂರಿದ, ಒಳಕ್ಕೆ ಕತ್ತರಿಸಿದ. ಇವನ ಮೂರನೇ ಹೆಜ್ಜೆ ಬಿತ್ತು. ಭುಜ ಎರಡೂ ಎದುರಿಗೇ ಇದ್ದವು. ಎಡಗಾಲು ಆಗಲೇ ನೆಲದಲ್ಲಿ ಕೂತಿತ್ತು. ಎರಡೂ ಕೈ ಹೋಗಿ ಅವನ ಎದೆಗೆ ಬಿದ್ದವು. ಅವನು ಅಲ್ಲೇ ನಿಂತ. ಸೀಟಿ ಊದಿತು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅದೇ ಹೊತ್ತಿಗೆ ಮೈದಾನದ ಆಚೆ ಯಾರೋ ಒಂದೇ ಕೈಯಲ್ಲಿ ಚೆಂಡು ಹಿಡಿದಿದ್ದ, ಜನರೆಲ್ಲ ಆ ಕಡೆ ನೋಡುತ್ತಿದ್ದರು. ಈ ಕಡೆ ನಾನು ಮತ್ತು ಮಗಳು ಎದ್ದು ನಿಂತಿದ್ದೆವು. ಕೋಚ್ ಏನೂ ಹೇಳದೆ ತನ್ನ ಬಲಸೊಂಟವನ್ನು ಒಮ್ಮೆ ತಟ್ಟಿ ತೋರಿಸಿದರು. ಹುಡುಗ ತಲೆಯಾಡಿಸಿ ಸಾಲಿನ ಕೊನೆಗೆ ಓಡಿದ.

ಕ್ಯಾಂಪಿಗೆ ಬರುವವರು 90 ಜನ. ಆಗಸ್ಟ್ ಕೊನೆಗೆ ತಂಡದಲ್ಲಿ ಉಳಿಯುವವರು 53. ಒಂದೇ ವಾರದಲ್ಲಿ ಎಲ್ಲ ತಂಡಗಳಿಂದ ಸೇರಿ ಸಾವಿರಕ್ಕೂ ಹೆಚ್ಚು ಹುಡುಗರು ಹೊರಬೀಳುತ್ತಾರೆ. ಅಂದು ಕ್ಲಿನಿಕ್‌ನಲ್ಲಿ ಒಬ್ಬ ರೋಗಿಗೂ ಇನ್ನೊಬ್ಬರಿಗೂ ನಡುವೆ ಫೋನ್ ತೆಗೆದು ಪಟ್ಟಿ ನೋಡಿದೆ. 53ರಲ್ಲಿ ಅವನ ಹೆಸರಿರಲಿಲ್ಲ. ಇರಲಾರದು ಅಂತ ಮನಸ್ಸಿಗೆ ಗೊತ್ತಿತ್ತು. ಆದರೂ ಪಟ್ಟಿಯನ್ನು ಎರಡು ಸಲ ಮೇಲಿಂದ ಕೆಳಗೆ ಓದಿದೆ. ಸಂಜೆ ಮಗಳಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಾ ಮನೆಗೆ ಬಂದೆ. ಹೇಳಿದೆ. ಅವಳು ಸೀದಾ ಶೆಡ್ಡಿಗೆ ಹೋಗಿ ಸೈಕಲ್ ಪಕ್ಕ ಕೂತಳು.

ಕೈಬಿಟ್ಟ ಹೊಸಬರನ್ನು ಬೇರೆ ತಂಡಗಳು ಒಂದು ದಿನದೊಳಗೆ ಎತ್ತಿಕೊಳ್ಳಬಹುದು. ಯಾರೂ ಎತ್ತಿಕೊಳ್ಳದಿದ್ದರೆ ಹಳೆಯ ತಂಡವೇ ಪ್ರಾಕ್ಟೀಸ್ ಸ್ಕ್ವಾಡ್‌ಗೆ ಕರೆಯಬಹುದು. ಅಲ್ಲಿ 16 ಜಾಗ. ಪಂದ್ಯದ ದಿನ ಆಡುವ ಭರವಸೆ ಇಲ್ಲ, ಆದರೆ ವಾರವಿಡೀ ಅಭ್ಯಾಸ ಇರುತ್ತದೆ. ಮಾರನೇ ದಿನ ಆ ಪಟ್ಟಿ ಬಂತು. ನಾನು ಓದುವ ಮೊದಲೇ ಮಗಳು ಹೆಗಲ ಮೇಲಿಂದ ಬಗ್ಗಿ ಬೆರಳಿಟ್ಟು ತೋರಿಸಿದಳು.

"ಅಮ್ಮಾ, ಮುಂದಿನ ಜುಲೈಗೆ ಸೀಟು ಎಷ್ಟು ಎತ್ತರ ಮಾಡಬಹುದು?" ಅಂದಳು. ಸ್ಪ್ಯಾನರ್ ಹಿಡಿದು ಇಬ್ಬರೂ ಶೆಡ್ಡಿಗೆ ಹೋದೆವು.